ಆಡಿಗೆ ಬಿಸಿನೀರು

ನಿಮ್ಮ ಮನೆಯ ಬಾಗಿಲು ಯಾರ ಪಾಲಿಗೆ ಮುಚ್ಚಿದೆ ಎಂದು ಎಂದಾದರೂ ನಿಮ್ಮನ್ನೇ ಕೇಳಿಕೊಂಡಿದ್ದೀರಾ?

ಪುಷ್ಯಮಾಸದ ಚಳಿಗೆ ಬಾನಿಯ ನೀರು ಕೈ ಕೊರೆಯುತ್ತಿತ್ತು. ಬೊಮ್ಮಯ್ಯನ ಅವ್ವ ಆಡುಗಳನ್ನೆಲ್ಲ ಪಡಸಾಲೆಯೊಳಗೆ ಕಟ್ಟಿ, ನೀರು ಕಾಯಿಸಿ, ಒಂದೊಂದಕ್ಕೂ ಬೆಚ್ಚಗೆ ಕುಡಿಸುತ್ತಿದ್ದಳು. ಅವನ ಹೆಂಡತಿ ಮೂರು ದಿನದ ಕೂಸಿನೊಂದಿಗೆ ಊರಾಚೆಯ ಹೆರಿಗೆ ಸೂತಕದ ಗುಡಿಸಲಿನಲ್ಲಿದ್ದಳು. ಬೆಳಿಗ್ಗೆ ಬೊಮ್ಮಯ್ಯ ಅದರ ತಟ್ಟಿಯಾಚೆ ನಿಂತು ಆಲಿಸಿದಾಗ ಕೂಸಿನ ಅಳು ತೀರ ಕ್ಷೀಣಿಸಿತ್ತು.

"ಅವ್ವಾ, ಅವರಿಬ್ಬರನ್ನ ಒಳಗೆ ಕರ್ಕೊಂಡು ಬರ್ತೀನಿ. ಕೂಸು ತಣ್ಣಗಾಗ್ತಾ ಐತೆ."

"ಸೂತಕ ಕಳೀದೆ ಹೊಸ್ತಿಲು ದಾಟಿಸ್ತೀಯಾ? ನಿನ್ನನ್ನೂ ಅಲ್ಲೇ ಹೆತ್ತೆ, ನೀನೇನು ಸತ್ತೆಯಾ? ಆ ಸೊಪ್ಪು ಇತ್ತ ಕೊಡು, ಗಬ್ಬದ ಆಡು ಹಸಿದೈತೆ."

ಆಡುಗಳ ಮೈಶಾಖವಾದರೂ ಕೂಸಿಗೆ ದಕ್ಕಲೆಂದು ಬೊಮ್ಮಯ್ಯ ಅವುಗಳ ಹಗ್ಗ ಬಿಚ್ಚಿ, ಎಲ್ಲವನ್ನೂ ಗುಡಿಸಲಿನತ್ತ ಹೊಡೆದುಕೊಂಡು ಹೊರಟ.

ಅವ್ವ ಚೆಂಬು ಎಸೆದು, ಎದೆ ಬಡಿದುಕೊಳ್ಳುತ್ತ ಹಿಂದೆ ಓಡಿದಳು.

"ಕರುಣೆ ಅನ್ನೋದೇ ಇಲ್ವೇನೋ ಪಾಪಿ? ಈ ಚಳೀಲಿ, ಆ ಗುಡಿಸಲಲ್ಲಿ, ಮೂಗ ಜೀವ ಉಳೀತಾವೇನೋ?"

ಓದುಗರೇ, ಆಕೆಗೆ ಉತ್ತರವನ್ನು ನೀವೇ ಹೇಳಿ. ಹೇಳಿ, ಆ ಬಾಗಿಲು ತೆರೆಸಿ.