ಕೆರೆ ಕೇಳಿದ ಪ್ರಶ್ನೆ

ಬೆಸ್ತರ ಚಿಕ್ಕತಾಯಮ್ಮ ಹುಟ್ಟುವ ಮೊದಲೇ ಕೆರೆಗೆ ಮಾತು ಬಂದಿತ್ತು. ಬೆಳಿಗ್ಗೆ ತೆಪ್ಪ ಇಳಿಸಿದೊಡನೆ ಯಾವ ಮೀನು ಹಿಡಿಯಬಹುದು, ಯಾವುದನ್ನು ಬಿಡಬೇಕು ಎಂದು ಅದು ಹೇಳುವುದು, ಬೆಸ್ತರು ಕೇಳುವುದು ನಡೆದುಬಂದ ರೂಢಿ.

"ಕೊರವ ಮೀನು ಬೇಡ, ಮರಿ ಕಾಯ್ತಾ ಅವೆ," ಎಂದಿತು ಕೆರೆ ಅಂದು. "ಜಿಲೇಬಿ ಮೀನು ಹಿಡಿ. ಅವು ಯಾರ ಮೊಟ್ಟೇನೂ ಉಳಿಸ್ತಿಲ್ಲ."

ಆದರೆ ಬಲೆಗೆ ಬಿದ್ದದ್ದು ಮೊಳದುದ್ದದ ಕೊರವ. ಚಿಕ್ಕತಾಯಮ್ಮನಿಗೆ ಬಿಡಲು ಮನಸ್ಸಾಗಲಿಲ್ಲ.

"ಮಗಳು ಹೆತ್ತವ್ಳೆ, ಎದೆಹಾಲು ಇಳೀತಿಲ್ಲ. ಇದ್ರ ಸಾರು ಕುಡಿಸ್ಬೇಕು ಕಣವ್ವ," ಎಂದಳು.

ಕೆರೆ ಅದುವರೆಗೆ ಎಂದೂ ಕೇಳದ್ದನ್ನು ಕೇಳಿತು: "ನನ್ ಮೀನು ದಡ ಹತ್ತಿದ್ ಮೇಲೆ ಹಾಲಾಗ್ತವಾ?"

ಚಿಕ್ಕತಾಯಮ್ಮ ಬೆರಗಾದಳು. ಎಲ್ಲ ಬಲ್ಲದೆಂದುಕೊಂಡಿದ್ದ ಕೆರೆಗೆ ದಡದಾಚೆಯದೇನೂ ಗೊತ್ತಿರಲಿಲ್ಲ.

"ಜಿಲೇಬಿ ಸಾರಲ್ಲೇ ನೋಡ್ತೀನಿ. ಏನಾಯ್ತೂಂತ ಬಂದು ಹೇಳ್ತೀನಿ," ಎಂದು ಕೊರವವನ್ನು ನೀರಿಗೆ ಬಿಟ್ಟಳು.

ಕೆಲವು ದಿನ ಕಳೆದು, ಮಗಳು ಬೇಡವೆಂದರೂ ಕೇಳದೆ, ಹೊಟ್ಟೆತುಂಬ ಎದೆಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ನೀರಂಚಿಗೆ ಬಂದು ನಿಂತಳು. ಕೂಸು ತೇಗಿತು.

"ಇನ್ನೊಂದ್ಸಲ," ಎಂದಿತು ಕೆರೆ.

ಬಲೆ ಹಿಡಿದು ಕಾಯುತ್ತಿದ್ದ ಬೆಸ್ತರಿಗೆ ಯಾವ ಮೀನು ಹಿಡಿಯಬೇಕೆಂದು ಹೇಳುವುದನ್ನೇ ಅದು ಅಂದು ಮರೆತಿತ್ತು.