ತಗ್ಗಿದ ಕಣ್ಣು

ಪರಂಗಿಯವರು ಆಳುತ್ತಿದ್ದ ಕಾಲದಲ್ಲಿ ಒಬ್ಬ ಧಣಿ ಇದ್ದ. ಆಸ್ತಿಯೆಲ್ಲ ಮಗನಿಗೇ ಉಳಿಯಲೆಂದು ಮಗಳು ಸೆರಾಫಿನಾಳನ್ನು ಕನ್ಯಾಮಠಕ್ಕೆ ಕಳಿಸಲು ನಿಶ್ಚಯಿಸಿದ. ಅಂದಿನಿಂದ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಮಠ ಸೇರಿದವರು ಮರಳುವಂತಿಲ್ಲ; ಮನೆಯಲ್ಲಿ ಉಳಿಯುವುದು ಅವರ ಚಿತ್ರವಷ್ಟೇ. ಹಾಗಾಗಿ ವಾಡಿಕೆಯಂತೆ ಅವಳಿಗೆ ಹೂವಿನ ಕಿರೀಟ ತೊಡಿಸಿ, ಕ್ರಿಸ್ತನ ಮದುಮಗಳೆಂದು ಸಿಂಗರಿಸಿ, ಚಿತ್ರಗಾರನ ಮುಂದೆ ನಿಲ್ಲಿಸಿದರು. ಅವಳು ತಲೆಯೆತ್ತಿ ನಿಂತಳು.

"ಕಣ್ಣು ಕೆಳಗಿರಲಿ," ಎಂದ ಧಣಿ, ಕಿಟಕಿಯತ್ತ ತಿರುಗಿಕೊಂಡೇ. "ಮದುಮಗಳು ಹೀಗೆ ದುರುಗುಟ್ಟಿ ನೋಡ್ತಾಳಾ?"

"ಯಾಕಪ್ಪಾ, ಚಿತ್ರದ ಕಣ್ಣು ಕಂಡರೂ ನಿಮಗೆ ಹೆದರಿಕೆಯಾ?"

"ಬಾಯಿ ಮುಚ್ಚು. ಹೇಳಿದಷ್ಟು ಮಾಡು."

"ಆಯ್ತು, ತಗ್ಗಿಸ್ತೇನೆ. ಆದರೆ ನನ್ನ ಪಟವನ್ನು ಊಟದ ಕೋಣೆಯಲ್ಲಿ ಎತ್ತರಕ್ಕೆ ಹಾಕಿಸಬೇಕು, ಸಂತರ ಪಟ ಹಾಕಿದ ಹಾಗೆ."

"ಅಷ್ಟೇ ತಾನೇ, ಹಾಕಿಸೋಣ," ಎಂದ ಧಣಿ. ಇಷ್ಟಕ್ಕೇ ಮುಗಿಯಿತಲ್ಲ ಎಂದು ಅವನಿಗೆ ಹಾಯೆನಿಸಿತು.

ಮಠದ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡ ದಿನ ಧಣಿ ಎಂದಿನ ಕುರ್ಚಿಯಲ್ಲಿ ಊಟಕ್ಕೆ ಕುಳಿತ. ಮೊದಲ ತುತ್ತೆತ್ತಿ ಎದುರಿನ ಗೋಡೆಯ ಕಡೆ ತಲೆಯೆತ್ತಿದ.

ಮೇಲಿನಿಂದ ಮಗಳ ತಗ್ಗಿದ ಕಣ್ಣು ನೇರವಾಗಿ ಅವನನ್ನೇ ನೋಡುತ್ತಿತ್ತು.