ಒಂದೇ ಸಲದ ಹಕ್ಕಿ

ಯಾವ ಜಾತಿಯ ಹಕ್ಕಿಯಾದರೂ ಒಂದು ಜೀವಕ್ಕೆ ಒಂದೇ ಸಲ ಕಾಣುವುದು. ಕಾಗೆ, ಗುಬ್ಬಿಗಳನ್ನು ಅಂಬುಜಾಕ್ಷಿ ತೊಟ್ಟಿಲಲ್ಲೇ ನೋಡಿ ಮುಗಿಸಿದ್ದಳು. ಆಮೇಲೆ ಉಳಿದದ್ದು ಬರೀ ಕೂಗು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯನ್ನಾದರೂ ಕಣ್ತುಂಬ ನೋಡಬೇಕೆಂದು ಹಟ ಹಿಡಿದು, ಗಂಡ ಶೇಷಗಿರಿಯನ್ನು ಹೊರಡಿಸಿಕೊಂಡು ಈ ದಕ್ಷಿಣದ ದ್ವೀಪಕ್ಕೆ ಬಂದಿದ್ದಳು.

ದೋಣಿಯಲ್ಲೇ ಗೈಡ್ ಲೋಬೊ ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿದ್ದ. ದೂರದಲ್ಲಿ ಚುಕ್ಕೆಯಂತೆ ಕಂಡುಬಿಟ್ಟರೂ ಆ ಒಂದು ಸಲ ದಂಡವಾಗುತ್ತದಲ್ಲ! ಎಲ್ಲವನ್ನೂ ಎಂದೋ ನೋಡಿ ಮುಗಿಸಿದ್ದ ಅವನು ಕಿವಿಯನ್ನೇ ನಂಬಿ ನಡೆಯುತ್ತಿದ್ದ. ಕೊಕ್ಕು ಕುಟ್ಟುವ ಸದ್ದು ಹತ್ತಿರವಾದಾಗ ನಿಂತು, "ಈಗ ಬಿಚ್ಚಿ ಅಮ್ಮ" ಎಂದ.

"ಅಬ್ಬಬ್ಬಾ!" ಎಂದ ಶೇಷಗಿರಿ.

ಅಂಬುಜಾಕ್ಷಿಗೆ ಕಂಡದ್ದು ಹುಲ್ಲು, ಕಲ್ಲು. "ರೀ, ಎಲ್ಲಿದೆ?"

"ನಿನ್ನೆದುರಿಗೇ ನಿಂತಿದೆಯಲ್ಲೇ!" ನೋಟ ತಪ್ಪೀತೆಂದು ಅವನು ಇತ್ತ ತಿರುಗಲೂ ಇಲ್ಲ.

"ಮೊದಲು ಇಲ್ಲಿಗೆ ಬಂದಿದ್ರಾ ಅಮ್ಮ?" ಲೋಬೊ ಕೇಳಿದ.

"ಅಯ್ಯೋ, ನಾನು ಸಮುದ್ರ ನೋಡಿದ್ದೇ ಇದೇ ಮೊದಲು ಕಣಪ್ಪಾ!"

ಹಾಗಾದರೆ ತನ್ನ ಆ ಒಂದು ಸಲ ಕಳೆದದ್ದು ಯಾವಾಗ, ಎಲ್ಲಿ? ತಲೆಬುಡ ತಿಳಿಯದೆ ಅವಳು ಹುಲ್ಲಿನ ಮೇಲೆ ಕುಸಿದು ಕುಳಿತಳು. ಆಗ ಬೆಚ್ಚಗಿನದೇನೋ ಭಾರವಾಗಿ ಮಡಿಲಿಗೆ ಒರಗಿತು. ಕಾಣದ ಹಕ್ಕಿ ಕೊಕ್ಕಿನಿಂದ ಅವಳ ಮುಂಗುರುಳನ್ನು ಮೆಲ್ಲಗೆ ಸವರುತ್ತ, ಗಂಟಲಲ್ಲೇ ಸಣ್ಣಗೆ ನರಳಿತು.

ಲೋಬೊನ ಮುಖ ಬಿಳಿಚಿಕೊಂಡಿತು. "ಇದು... ಈ ಹಕ್ಕಿ ತಾನು ಕಾಯ್ತಿದ್ದ ಜೋಡಿಹಕ್ಕಿ ವಾಪಸ್ ಬಂದಾಗ ಮಾತ್ರ ಹೊರಡಿಸೋ ಸದ್ದು ಅಮ್ಮ."

ಅಂಬುಜಾಕ್ಷಿಗೆ ಏನೊಂದೂ ಅರ್ಥವಾಗಲಿಲ್ಲ. ಅವಳ ಬೆರಳುಗಳು ಮಾತ್ರ, ಆ ಕಾಣದ ಕತ್ತಿನಲ್ಲಿ ಎಲ್ಲಿ ಕೆರೆದರೆ ಹಿತವೆಂದು ಬಲ್ಲಂತೆ, ನೇರವಾಗಿ ಅಲ್ಲಿಗೇ ಹೋದವು.